ಖಾಡಾದ ಲೆಕ್ಕ

ಮುಟ್ಟಿನ ರಜೆಯ ಮಾತು ಟಿವಿ, ಪತ್ರಿಕೆಗಳಲ್ಲಿ ಜೋರಾಗಿ ಎದ್ದದ್ದು ಮುಂಬಯಿಯ ಒಂದು ಕಂಪನಿಯಿಂದ. 2017ರ ಜುಲೈಯಲ್ಲಿ ಇಲ್ಲಿನ ಕಲ್ಚರ್ ಮಷೀನ್ ಎಂಬ ಡಿಜಿಟಲ್ ಮಾಧ್ಯಮ ಸಂಸ್ಥೆ, ಮುಟ್ಟಿನ ಮೊದಲ ದಿನ ಸಂಬಳ ಕತ್ತರಿಸದೆ ರಜೆ ಕೊಡುವುದಾಗಿ ಹೇಳಿತು. ಮರುತಿಂಗಳೇ ಪತ್ರಕರ್ತೆ ಬರ್ಖಾ ದತ್ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಅದನ್ನು ವಿರೋಧಿಸಿ ಬರೆದರು. ಕಾರ್ಗಿಲ್ ಯುದ್ಧವನ್ನು ವರದಿ ಮಾಡಿದ ಅವರಿಗೆ, ಇಂಥ ರಜೆ ಹೆಂಗಸರನ್ನು ಮುಖ್ಯ ಕೆಲಸಗಳಿಂದ ದೂರ ಇಡಲು ನೆಪವಾದೀತು ಎಂಬ ಆತಂಕವಿತ್ತು. 2023ರ ಡಿಸೆಂಬರಿನಲ್ಲಿ ಆಗಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಸ್ಮೃತಿ ಇರಾನಿ, ಮುಟ್ಟು ಅಂಗವೈಕಲ್ಯವಲ್ಲ, ಅದಕ್ಕೆ ಪ್ರತ್ಯೇಕ ರಜೆ ಬೇಡ ಎಂದು ರಾಜ್ಯಸಭೆಯಲ್ಲಿ ಹೇಳಿದರು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು.

ಒಬ್ಬರು ಬೇಕೆಂದರು, ಒಬ್ಬರು ಬೇಡವೆಂದರು. ಆದರೆ ಎಲ್ಲರ ಮಾತೂ ಕೊನೆಗೆ ಹೋಗಿ ನಿಲ್ಲುವುದು ಹಾಜರಿ ಪುಸ್ತಕದಲ್ಲಿ ಹೆಸರಿರುವ ಹೆಂಗಸಿನ ಹತ್ತಿರ. ಕರ್ನಾಟಕದ ನೀತಿಯೂ ಸರ್ಕಾರಿ ಕಚೇರಿಗೆ, ಕಾರ್ಖಾನೆ, ಅಂಗಡಿ, ತೋಟದಂಥ ಕಡೆ ದುಡಿಯುವವರಿಗೆ. ಮನೆಗೆಲಸದವಳು ಆ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಪುಣೆ, ಮುಂಬಯಿಯಲ್ಲಿ ಧುಣಿ-ಭಾಂಡಿ, ಅಂದರೆ ಬಟ್ಟೆ-ಪಾತ್ರೆ ತೊಳೆಯುವ ಕೆಲಸ, ಮಾಡುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರು ಬಹಳ ಮಂದಿ. ಅವರ ಬಾಯಲ್ಲಿ ರಜೆ ಎಂಬ ಪದ ಅಪರೂಪ. ಅವರು ಹೇಳುವುದು ಖಾಡಾ.

ಖಾಡಾ ಎಂದರೆ ಬಾರದ ದಿನ. ಅನೇಕ ಮನೆಗಳಲ್ಲಿ ಅದನ್ನು ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ, ಹಾಲಿನವನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕುತ್ತಾರೆ. ಉದಾಹರಣೆಗೆ ಮನೆಗೆ 2,500 ರೂಪಾಯಿಯಂತೆ ನಾಲ್ಕು ಮನೆ ಹಿಡಿದವಳಿಗೆ ತಿಂಗಳಿಗೆ 10,000. ಒಂದು ಖಾಡಾಕ್ಕೆ ನಾಲ್ಕೂ ಮನೆ ಕತ್ತರಿಸಿದರೆ 333 ರೂಪಾಯಿ ಹೋಯಿತು. ಈ ಲೆಕ್ಕದಲ್ಲಿ ಒಂದು ತಪ್ಪಿದೆ, ಅದು ತುಂಬ ಜನರಿಗೆ ಕಾಣುವುದೇ ಇಲ್ಲ. ಕಚೇರಿಯವಳ ತಿಂಗಳ ಸಂಬಳದಲ್ಲಿ ನಾಲ್ಕು ಭಾನುವಾರಗಳ ದುಡ್ಡು ಸೇರಿರುತ್ತದೆ. ಮನೆಗೆಲಸದವಳ ಪಗಾರವನ್ನು ಮೂವತ್ತರಿಂದ ಭಾಗಿಸುವ ಮನೆ, ಅವಳಿಗೆ ವಾರದ ರಜೆಯನ್ನೇ ಕೊಟ್ಟಿರುವುದಿಲ್ಲ. ಸತತ ಮೂರು ಖಾಡಾ ಆದರೆ ದುಡ್ಡಿಗಿಂತ ದೊಡ್ಡ ಭಯ ಬದಲಿಯದು. ಆ ಮೂರು ದಿನಕ್ಕೆಂದು ಬಂದ ಬದಲಿ ಹೆಂಗಸು ಅಲ್ಲೇ ಉಳಿದರೆ ಮನೆ ಕೈಬಿಟ್ಟಂತೆ.

ಇನ್ನೊಂದು ಮಾತೂ ಈ ಚರ್ಚೆಯಲ್ಲಿ ಬರಬೇಕಿತ್ತು. ಬೆಳಗ್ಗೆ ಆರೂವರೆಗೆ ಖೋಲಿಯಿಂದ ಹೊರಟು ಮಧ್ಯಾಹ್ನ ಎರಡರವರೆಗೆ ನಾಲ್ಕು ಮನೆ ಸುತ್ತುವವಳು ಪ್ಯಾಡ್ ಎಲ್ಲಿ ಬದಲಿಸಬೇಕು? ತಾನೇ ತೊಳೆಯುವ ಬಚ್ಚಲನ್ನು ಬಳಸಲು ಅವಳಿಗೆ ಬಿಡದ ಮನೆಗಳಿವೆ. ಸೊಸೈಟಿಯ ಕೆಳಗೆ ವಾಚ್‌ಮನ್‌ಗಳಿಗೆಂದು ಕಟ್ಟಿದ ಒಂದೇ ಶೌಚಾಲಯ ಗಂಡಸರದ್ದು. ಅದಕ್ಕೇ ಈ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮೂತ್ರದ ಉರಿ, ಸೋಂಕು ಬರುವುದು ಹೀಗೆ.

ಅನಾರೋಗ್ಯದ ರಜೆಯ ಹೋರಾಟ ಈ ಹೆಂಗಸರಿಗೆ ಹೊಸದಲ್ಲ. 1980ರಲ್ಲಿ ಪುಣೆಯ ಮೋಲಕರೀಣರು, ಅಂದರೆ ಮನೆಗೆಲಸದವರು, ಕೆಲಸ ನಿಲ್ಲಿಸಿ ಬೀದಿಗಿಳಿದರು. ಕಾಯಿಲೆಯಿಂದ ಕೆಲವು ದಿನ ಬಾರದಿದ್ದ ಒಬ್ಬಳನ್ನು ಕೆಲಸದಿಂದ ತೆಗೆದದ್ದು ಅದಕ್ಕೆ ಕಿಡಿ. ಪುಣೆ ಶಹರ ಮೋಲಕರೀಣ್ ಸಂಘಟನೆ ಹುಟ್ಟಿದ್ದು ಆ ಮುಷ್ಕರದಿಂದ. ಕಲ್ಚರ್ ಮಷೀನ್‌ಗಿಂತ 37 ವರ್ಷ ಮೊದಲು, ಅದೇ ರಾಜ್ಯದಲ್ಲಿ, ಹೆಂಗಸಿನ ದೇಹಕ್ಕೆ ವಿಶ್ರಾಂತಿ ಬೇಕೆಂದು ಸಂಘ ಕಟ್ಟಿದವರು ಇವರು. 2017ರ ಟಿವಿ ಚರ್ಚೆಗಳಲ್ಲಿ ಈ ಚರಿತ್ರೆಗೆ ಜಾಗ ಸಿಗಲಿಲ್ಲ.

ಖಾಡಾ ಎಂಬ ಪದಕ್ಕೆ ಇನ್ನೂ ಕ್ರೂರವಾದ ಅರ್ಥ ಇರುವುದು ಬೀಡ್ ಜಿಲ್ಲೆಯಲ್ಲಿ. ಅಲ್ಲಿನ ಕಬ್ಬು ಕಡಿಯುವವರು ದಸರಾ, ದೀಪಾವಳಿ ಆದ ಮೇಲೆ ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆಗೂ ಬರುತ್ತಾರೆ. ಗಂಡ-ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ. ಮುಕಾದಮ, ಅಂದರೆ ಕೂಲಿಯವರನ್ನು ಕರೆತರುವ ಗುತ್ತಿಗೆದಾರ, ಇಡೀ ಕೊಯ್ತಾಕ್ಕೆ ಉಚಲ್, ಅಂದರೆ ಮುಂಗಡ, ಕೊಟ್ಟು ಟನ್ನಿನ ಲೆಕ್ಕದಲ್ಲಿ ವಜಾ ಮಾಡಿಕೊಳ್ಳುತ್ತಾನೆ. ಒಬ್ಬರು ಒಂದು ದಿನ ತಪ್ಪಿದರೆ ಕೂಲಿ ಇಲ್ಲದಿರುವುದಷ್ಟೇ ಅಲ್ಲ, ಮೇಲೆ 500 ರೂಪಾಯಿಯಷ್ಟು ದಂಡ. ಹೊಲದ ಪಕ್ಕದ ಗುಡಿಸಲಲ್ಲಿ ನೀರಿಲ್ಲ, ಶೌಚಾಲಯವಿಲ್ಲ. ಬಿಳಿಸೆರಗು, ಹೊಟ್ಟೆನೋವು ಎಂದು ಖಾಸಗಿ ಆಸ್ಪತ್ರೆಗೆ ಹೋದವರಿಗೆ ಗರ್ಭಕೋಶವನ್ನೇ ತೆಗೆಸಿಕೊಳ್ಳುವ ಸಲಹೆ. ಸುದ್ದಿ ಹೊರಬಿದ್ದ ಮೇಲೆ 2019ರಲ್ಲಿ ಪುಣೆಯ ನಾಯಕಿ ನೀಲಂ ಗೋರ್ಹೆ ನೇತೃತ್ವದ ಸಮಿತಿ ಕೂತಿತು. ಸಮೀಕ್ಷೆಯಲ್ಲಿ ಸಿಕ್ಕ ಸುಮಾರು 82,000 ಹೆಂಗಸರಲ್ಲಿ 13,000ಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. ಹಲವರಿಗೆ ಇನ್ನೂ ನಲವತ್ತು ದಾಟಿರಲಿಲ್ಲ. ಮುಟ್ಟಿನ ರಜೆ ಸಿಗದಿದ್ದಲ್ಲಿ ಮುಟ್ಟನ್ನೇ ಇಲ್ಲವಾಗಿಸಿಕೊಂಡ ಹೆಂಗಸರು ಇವರು. ರಜೆ ಬೇಕೆನ್ನುವವರೂ ಬೇಡವೆನ್ನುವವರೂ ತಮ್ಮ ವಾದವನ್ನು ಈ ಹೊಲದಿಂದ ಶುರುಮಾಡಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಭಾಷಣ ಕೇಳಿದರೆ ಮಾತಾಡುವವರ ವರ್ಗ ಸುಲಭವಾಗಿ ಗೊತ್ತಾಗುವುದಿಲ್ಲ. "ಎಲ್ಲ ಮಹಿಳೆಯರಿಗೂ" ಎಂದೇ ಎಲ್ಲರೂ ಹೇಳುತ್ತಾರೆ. ಗೊತ್ತಾಗುವುದು ಕಾನೂನಿನ ಒಳಗಿನ ಅಂಕಿಯಲ್ಲಿ, ಅರ್ಹತೆಯ ಗೆರೆಯಲ್ಲಿ, ವಿನಾಯಿತಿಯ ಕಲಮಿನಲ್ಲಿ. ಹೆಣ್ಣಿನ ಪರ ಎಂದು ಯಾರೇ ಒಂದು ಕಾಯ್ದೆಯನ್ನು ಹೊಗಳಲಿ, ಅದರಲ್ಲಿರುವ ಅಂಕಿಗಳನ್ನು ಮೊದಲು ಹುಡುಕಬೇಕು.

10 ಎಂಬ ಅಂಕಿ ನೋಡಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಬೇಕು. ಈ ಕಾಯ್ದೆಯ ಬೇರು ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನಲ್ಲಿದೆ, ಆ ತೀರ್ಪಿನ ಬೇರು ರಾಜಸ್ಥಾನದ ಭಟೇರಿ ಗ್ರಾಮದಲ್ಲಿ. ಕುಂಬಾರ ಜಾತಿಯ ಭಂವರಿ ದೇವಿ ಸರ್ಕಾರದ ಸಾಥಿನ್ (ಹಳ್ಳಿಯ ಮಹಿಳಾ ಕಾರ್ಯಕರ್ತೆ) ಆಗಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅತ್ಯಾಚಾರಕ್ಕೆ ಗುರಿಯಾದರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಹಳ್ಳಿಯ ಬಡ ಹೆಂಗಸಿನ ನೋವಿನಿಂದ ಹುಟ್ಟಿದ ಕಾನೂನು ಇಂದು ಹೆಚ್ಚಾಗಿ ಬಳಕೆಯಾಗುವುದು ಗಾಜಿನ ಕಟ್ಟಡಗಳಲ್ಲಿ.

ಮನೆಗೆಲಸದವಳೂ ಈ ಕಾಯ್ದೆಯೊಳಗೆ ಇದ್ದಾಳೆ, ಮನೆಯನ್ನೂ ಕೆಲಸದ ಜಾಗ ಎಂದೇ ಅದು ಒಪ್ಪುತ್ತದೆ. ಅವಳಿಗಿರುವುದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ಯಾವ ಜಿಲ್ಲೆ ಎಂಬಲ್ಲೇ ಮೊದಲ ತಪ್ಪಾಗುವುದು. ವಾಸದ ಜಿಲ್ಲೆಯಲ್ಲ, ಕೆಲಸದ ಜಿಲ್ಲೆ. ಡೊಂಬಿವಲಿಯಲ್ಲಿ ವಾಸ, ಮುಲುಂಡಿನಲ್ಲಿ ಕೆಲಸ ಎಂದಾದರೆ ಠಾಣೆ ಜಿಲ್ಲೆಯ ಕಚೇರಿಗೆ ಹೋಗಿ ಫಲವಿಲ್ಲ, ಬಾಂದ್ರಾ ಪೂರ್ವದಲ್ಲಿರುವ ಮುಂಬಯಿ ಉಪನಗರ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ಮನೆಗಳಿಗೆ ಫೋರ್ಟ್‌ನ ಹಳೆ ಕಸ್ಟಮ್ ಹೌಸ್. ಗೋವಾದಲ್ಲಿ ಉತ್ತರಕ್ಕೆ ಪಣಜಿ, ದಕ್ಷಿಣಕ್ಕೆ ಮಡಗಾಂವ್. ದೂರು ಲಿಖಿತವಾಗಿರಬೇಕು, ಆರು ಪ್ರತಿ ಬೇಕು, ಸಾಕ್ಷಿಗಳ ಹೆಸರು, ವಿಳಾಸ ಜೊತೆಗಿರಬೇಕು. ಬರೆಯಲು ಬಾರದಿದ್ದರೆ ಬರೆಸಿಕೊಳ್ಳಲು ನೆರವಾಗುವುದು ಸಮಿತಿಯದೇ ಕರ್ತವ್ಯ. ಘಟನೆ ನಡೆದು ಮೂರು ತಿಂಗಳೊಳಗೆ ಕೊಡಬೇಕು. ತಡಕ್ಕೆ ಕಾರಣ ಹೇಳಿದರೆ ಇನ್ನೂ ಮೂರು ತಿಂಗಳು ಸಿಗಬಹುದು. ಕೊಟ್ಟ ಪ್ರತಿಯ ಮೇಲೆ ಮೊಹರು ಹಾಕಿಸಿ ಪೋಚ್ ಪಾವತಿ, ಅಂದರೆ ದೂರು ತಲುಪಿದ ರಸೀದಿ, ಇಟ್ಟುಕೊಳ್ಳದಿದ್ದರೆ, ಮುಂದೆ ದೂರು ಬಂದೇ ಇಲ್ಲ ಎಂದರೆ ತೋರಿಸಲು ಏನೂ ಇರುವುದಿಲ್ಲ.

ಇಷ್ಟಾದ ಮೇಲೆ ದಾರಿ ಎರಡಾಗುತ್ತದೆ. ಕಚೇರಿಯವಳಿಗೆ ಸಮಿತಿ 90 ದಿನದಲ್ಲಿ ವಿಚಾರಣೆ ಮುಗಿಸಬೇಕು, ನಡುವೆ ಅವಳು ಮೂರು ತಿಂಗಳವರೆಗೆ ರಜೆ ಕೇಳಬಹುದು, ವರ್ಗಾವಣೆ ಕೇಳಬಹುದು. ಮನೆಗೆಲಸದವಳ ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದೆ ಎನ್ನಿಸಿದರೆ ಸಮಿತಿ ಅದನ್ನು ಏಳು ದಿನದೊಳಗೆ ಪೊಲೀಸರಿಗೆ ಕಳಿಸುತ್ತದೆ. ಅಂದರೆ ಪೊಲೀಸ್ ಠಾಣೆ ಬೇಡವೆಂದು ಸಮಿತಿಗೆ ಬಂದವಳು ತಿರುಗಿ ಠಾಣೆಗೇ ಹೋಗುತ್ತಾಳೆ. ಅಲ್ಲಿ ಮಾಲೀಕರು ಚಿನ್ನ ಕಳುವಾಯಿತೆಂದು ಎದುರು ದೂರು ಕೊಡುವುದು ಬಹಳ ಹಳೆಯ ತಂತ್ರ. ಆದ್ದರಿಂದ ಸಮಿತಿಗೆ ಹೋಗುವ ಮುಂಚೆಯೇ ಯೂನಿಯನ್ನಿನ ಒಬ್ಬರನ್ನೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರನ್ನೋ ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ಗೋವಾ ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮೇಯಲ್ಲಿ ಈ ಕಾಯ್ದೆಯ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದಿತು. ಎಲ್ಲ ಜಿಲ್ಲೆಗಳಲ್ಲೂ ಅಧಿಕಾರಿಯನ್ನು ನೇಮಿಸಿ, ಸ್ಥಳೀಯ ಸಮಿತಿ ರಚಿಸಿ ಎಂದು 2024ರ ಡಿಸೆಂಬರಿನಲ್ಲಿ ಗಡುವು ಹಾಕಿ ಹೇಳಬೇಕಾಯಿತು. ಕಾಯ್ದೆಗೆ ಆಗ ಹನ್ನೊಂದು ವರ್ಷ. 2018ರ ಅಕ್ಟೋಬರಿನ ಮೀ ಟೂ ದಿನಗಳಲ್ಲಿ ಚಾನೆಲ್‌ಗಳು ಆಂತರಿಕ ಸಮಿತಿಗಳ ಬಗ್ಗೆ ರಾತ್ರಿಯಿಡೀ ಮಾತಾಡಿದವು. ಸ್ಥಳೀಯ ಸಮಿತಿಗೂ ಅಷ್ಟು ಹೊತ್ತು ಸಿಕ್ಕಿದ್ದರೆ ಈ ಗಡುವು ಬೇಕಾಗುತ್ತಿರಲಿಲ್ಲ.

ಹೆರಿಗೆ ರಜೆಯಲ್ಲೂ ಅದೇ 10. ಅಷ್ಟು ಜನ ಇರುವ ಅಂಗಡಿ, ಕಚೇರಿಯಲ್ಲಿ 2017ರ ತಿದ್ದುಪಡಿಯಿಂದ 26 ವಾರ ಪೂರ್ಣ ಸಂಬಳ. ಉಳಿದವರಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ, ಅದೂ ಕಂತಿನಲ್ಲಿ, ಮೊದಲ ಮಗುವಿಗೆ. ಎರಡನೆಯದು ಹೆಣ್ಣಾದರೆ 6,000. ಪುಣೆಯಲ್ಲಿ ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ ಮಾಂಗ್ ಎಂಬ ದಲಿತ ಸಮುದಾಯದ ಹುಡುಗಿ ಮುಕ್ತಾ ಸಾಳವೆ 1855ರಲ್ಲಿ, ತಮ್ಮವರ ಹೆಂಗಸರು ಮೇಲೆ ಸೂರಿಲ್ಲದೆ ಮಳೆ, ಚಳಿಯಲ್ಲಿ ಹೆರುವ ಸಂಕಟವನ್ನು ಪ್ರಬಂಧವಾಗಿ ಬರೆದಿದ್ದಳು. ಅವಳಿಗೆ ಆಗ ಹದಿನಾಲ್ಕರ ಆಸುಪಾಸು. ಹೆರಿಗೆಯ ಮಾತನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿದಿದ್ದ ಬರಹ ಅದು.

3 ಎಂಬ ಅಂಕಿಯ ಬಗ್ಗೆ ಮುಂಬಯಿ ಕನ್ನಡಿಗರಿಗೆ ಹೆಚ್ಚು ಹೇಳಬೇಕಿಲ್ಲ, ಬಾರ್ ವ್ಯವಹಾರದಲ್ಲಿ ಕರಾವಳಿಯವರು ಬಹಳ ಮಂದಿ. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಡಾನ್ಸ್ ಬಾರ್ ನಿಷೇಧಿಸಿದಾಗ ಹೆಣ್ಣಿನ ಘನತೆಯನ್ನು ಕಾರಣವಾಗಿ ಕೊಟ್ಟಿತು. ಆದರೆ ತ್ರಿತಾರಾ ಮತ್ತು ಅದಕ್ಕಿಂತ ಮೇಲಿನ ಹೋಟೆಲುಗಳಿಗೆ ವಿನಾಯಿತಿ ಇತ್ತು. ಅದೇ ಕುಣಿತ, ಚೆಂಬೂರಿನ ಬಾರಿನಲ್ಲಿ ಅಪರಾಧ, ದೊಡ್ಡ ಹೋಟೆಲಿನಲ್ಲಿ ಮನರಂಜನೆ. 2006ರಲ್ಲಿ ಬಾಂಬೆ ಹೈಕೋರ್ಟ್, 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ತಳ್ಳಿಹಾಕಿದವು. ಅಷ್ಟರಲ್ಲಿ ಬಾರ್ ಹುಡುಗಿಯರು ಕೆಲಸ ಕಳೆದುಕೊಂಡು ಎಂಟು ವರ್ಷವಾಗಿತ್ತು. ಈ ವಿಷಯದಲ್ಲಿ ಸ್ತ್ರೀವಾದಿಗಳೇ ಒಡೆದಿದ್ದರು. ಕೆಲವರು ನರ್ತಕಿಯರ ದುಡಿಮೆಯ ಹಕ್ಕಿನ ಪರ ನಿಂತರೆ, ಜಾತಿಯೇ ಹೇರಿದ ಕಸುಬನ್ನು ಹಕ್ಕು ಎನ್ನುವುದು ಹೇಗೆ ಎಂದು ದಲಿತ ಸ್ತ್ರೀವಾದಿಗಳು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಹಾಗಿದ್ದರೂ ವಿನಾಯಿತಿಯ ಕಲಮನ್ನು ಸಮರ್ಥಿಸುವ ವಾದ ಯಾವ ಕಡೆಯಿಂದಲೂ ಸಿಗಲಾರದು.

ಮಾತಾಡುವವರು ಯಾರೆಂಬುದೂ ಒಂದು ಅಂಕಿಯೇ. 2019ರಲ್ಲಿ ಆಕ್ಸ್‌ಫಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಲೆಕ್ಕ ಹಾಕಿದಾಗ ಸುದ್ದಿಮನೆಗಳ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿದ್ದವು, ಪರಿಶಿಷ್ಟ ಜಾತಿ-ಪಂಗಡದವರು ಒಬ್ಬರೂ ಇರಲಿಲ್ಲ. ಇದರ ಪರಿಣಾಮ ಯಾವ ಅತ್ಯಾಚಾರ ಸುದ್ದಿಯಾಗುತ್ತದೆ ಎಂಬಲ್ಲಿಂದಲೇ ಶುರು. 2006ರ ಸೆಪ್ಟೆಂಬರಿನಲ್ಲಿ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ದಲಿತ ತಾಯಿ-ಮಗಳು ಸೇರಿ ಒಂದೇ ಮನೆಯ ನಾಲ್ವರ ಕೊಲೆಯಾಯಿತು. ಜನ ಬೀದಿಗಿಳಿಯುವವರೆಗೆ ದೊಡ್ಡ ಮಾಧ್ಯಮ ಅತ್ತ ತಿರುಗಲಿಲ್ಲ. ಮುಂಬಯಿಯ ಶಕ್ತಿ ಮಿಲ್ಸ್‌ನಲ್ಲಿ 2013ರ ಆಗಸ್ಟಿನಲ್ಲಿ ಫೋಟೋ ಪತ್ರಕರ್ತೆಯ ಮೇಲೆ ನಡೆದ ಅತ್ಯಾಚಾರ ದೇಶವನ್ನೇ ಅಲುಗಿಸಿತು. ಅದಕ್ಕೆ ಮೂರು ವಾರ ಮುಂಚೆ ಅದೇ ಮಿಲ್ಲಿನಲ್ಲಿ ಒಬ್ಬ ಟೆಲಿಫೋನ್ ಆಪರೇಟರ್ ಹುಡುಗಿಯ ಮೇಲೆ ಅತ್ಯಾಚಾರವಾಗಿತ್ತು, ಮೂವರು ಆರೋಪಿಗಳು ಎರಡರಲ್ಲೂ ಇದ್ದರು. ಎರಡನೆಯದು ಸುದ್ದಿಯಾದ ಮೇಲೆ ಮಾತ್ರ ಅವಳಿಗೆ ದೂರು ಕೊಡುವ ಧೈರ್ಯ ಬಂತು. ಅವಳು ಮೊದಲೇ ಹೋಗುವಂಥ ಠಾಣೆ, ನಂಬುವಂಥ ಪತ್ರಿಕೆ ಇದ್ದಿದ್ದರೆ ಎಂಬ ಯೋಚನೆ ಬಿಡುವುದಿಲ್ಲ.

ಉತ್ತರ ಕನ್ನಡದ ಹಳದಿಪುರದಿಂದ ಬಂದು ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರ ಹೆಸರನ್ನು ಎಲ್ಲರೂ ದಯಾಮರಣದ ಜೊತೆ ನೆನೆಯುತ್ತಾರೆ. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅವರ ಮೇಲೆ ಹಲ್ಲೆಯಾಯಿತು. ಅಪರಾಧಿಗೆ ಆದದ್ದು ಕೊಲೆಯತ್ನ ಮತ್ತು ದರೋಡೆಗೆ ಏಳು ವರ್ಷ, ಅತ್ಯಾಚಾರಕ್ಕೆ ಶಿಕ್ಷೆ ಆಗಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಸುಮಾರು 42 ವರ್ಷ ಕೆಇಎಂನ ನರ್ಸುಗಳು ಪಾಳಿಯಂತೆ ಅವರಿಗೆ ಊಟ ಉಣಿಸಿದರು, ಮಗ್ಗುಲು ಬದಲಿಸಿದರು, ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡರು. ದಯಾಮರಣ ಕೇಳಿ ಕೋರ್ಟಿಗೆ ಹೋದವರು ಲೇಖಕಿ, ಪತ್ರಕರ್ತೆ ಪಿಂಕಿ ವಿರಾಣಿ. 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅರುಣಾ ಪರ ಮಾತಾಡುವ ನಿಜವಾದ ಆಪ್ತರು ಆಸ್ಪತ್ರೆಯ ಸಿಬ್ಬಂದಿ ಎಂದಿತು. ವಿರಾಣಿಯವರ ಕಾಳಜಿ ಪ್ರಾಮಾಣಿಕವಾದದ್ದೆಂದು ಕೋರ್ಟೂ ಒಪ್ಪಿತು. ಆದರೆ ಮೈ ಒರೆಸಿದವರ ಮಾತನ್ನು ಬರೆದವರ ಮಾತಿಗಿಂತ ಮೇಲಿಟ್ಟ ತೀರ್ಪು ನಮ್ಮಲ್ಲಿ ಎಷ್ಟಿವೆ?

ರಾಜಕಾರಣಕ್ಕೆ ಬಂದರೆ, 2024ರಲ್ಲಿ ಮಹಾರಾಷ್ಟ್ರದ 48 ಲೋಕಸಭಾ ಸ್ಥಾನಗಳಲ್ಲಿ ಗೆದ್ದ ಹೆಂಗಸರು ಏಳು. ಸುಪ್ರಿಯಾ ಸುಳೆ, ಪ್ರಣಿತಿ ಶಿಂದೆ, ವರ್ಷಾ ಗಾಯಕ್ವಾಡ್ ರಾಜಕಾರಣಿಗಳ ಮಕ್ಕಳು. ರಕ್ಷಾ ಖಡ್ಸೆ ಸೊಸೆ. ಪ್ರತಿಭಾ ಧಾನೋರ್ಕರ್ ತೀರಿಹೋದ ಸಂಸದರ ಪತ್ನಿ. ಇವರಲ್ಲಿ ಇಬ್ಬರು ದಲಿತ ಮನೆತನದವರು, ಜಾತಿ ಮತ್ತು ವರ್ಗ ಒಂದೇ ಅಲ್ಲ ಎಂಬುದು ನೆನಪಿರಲಿ. ಅವರ ದುಡಿಮೆಯನ್ನು ಕಡೆಗಣಿಸಬೇಕಿಲ್ಲ. ಬೇರೆ ಬಾಗಿಲು ತೆರೆದಿಲ್ಲ ಎಂಬುದಷ್ಟೇ ಇಲ್ಲಿನ ಮಾತು. ಬಾಗಿಲು ತೆರೆದಿರುವ ಕಡೆ, ಅಂದರೆ ಅರ್ಧ ಸ್ಥಾನ ಹೆಂಗಸರಿಗೆ ಮೀಸಲಾದ ಪಂಚಾಯಿತಿ, ಪಾಲಿಕೆಗಳಲ್ಲಿ, ಮಹಾರಾಷ್ಟ್ರ 2 ಎಂಬ ಅಂಕಿ ಇಟ್ಟಿದೆ. 2001ರ ಸೆಪ್ಟೆಂಬರ್ ನಂತರ ಹುಟ್ಟಿದ ಮಗುವಿನಿಂದ ಮಕ್ಕಳು ಎರಡಕ್ಕಿಂತ ಹೆಚ್ಚಾದರೆ ಸ್ಪರ್ಧಿಸುವಂತಿಲ್ಲ. ಶಾಸಕಿ, ಸಂಸದೆ ಆಗಲು ಆ ನಿಯಮವಿಲ್ಲ. ಎಷ್ಟು ಹೆರಬೇಕೆಂಬುದು ತನ್ನ ಕೈಯಲ್ಲಿಲ್ಲದ ಹೆಂಗಸಿಗೇ ಈ ಗೆರೆ.

ನಮ್ಮವರಿಗೆ ಹೆಚ್ಚು ತಟ್ಟುವುದು 15. ಮಹಾರಾಷ್ಟ್ರದ ಲಾಡ್ಕಿ ಬಹೀಣ್ ಯೋಜನೆಯಲ್ಲಿ 21ರಿಂದ 65ರೊಳಗಿನ, ಕುಟುಂಬದ ವರಮಾನ ಎರಡೂವರೆ ಲಕ್ಷದೊಳಗಿನ ಹೆಂಗಸರಿಗೆ ತಿಂಗಳಿಗೆ 1,500 ರೂಪಾಯಿ. ಆದರೆ ರಹಿವಾಸಿ ದಾಖಲೆ, ಅಂದರೆ ರಾಜ್ಯದ ಕಾಯಂ ನಿವಾಸಿ ಎಂಬ ಪತ್ರ, ಬೇಕು, ಇಲ್ಲವೇ 15 ವರ್ಷ ಹಳೆಯ ರೇಷನ್ ಕಾರ್ಡೋ ಮತದಾರ ಚೀಟಿಯೋ ಬೇಕು. ಹೊರರಾಜ್ಯದಲ್ಲಿ ಹುಟ್ಟಿದ್ದರೂ ಗಂಡ ಇಲ್ಲಿಯವನಾದರೆ ಅವನ ದಾಖಲೆ ನಡೆಯುತ್ತದೆ. ಗಂಡ-ಹೆಂಡತಿ ಇಬ್ಬರೂ ಅಫಜಲಪುರದವರಾದರೆ ನಡೆಯುವುದಿಲ್ಲ. ಗೋವಾದ ಗೃಹ ಆಧಾರ್ ಯೋಜನೆಯಲ್ಲೂ 15 ವರ್ಷದ ವಾಸ ಬೇಕು. ಊರಿನ ರೇಷನ್ ಕಾರ್ಡ್ ಉಳಿಸಿಕೊಂಡವಳಿಗೆ ಕರ್ನಾಟಕದ ಗೃಹಲಕ್ಷ್ಮಿಯ 2,000 ಸಿಗುವ ಸಾಧ್ಯತೆ ಇದೆ, ಆದರೆ ಪುಣೆಯಲ್ಲಿ ರೇಷನ್ ಕಾರ್ಡ್ ಮಾಡಿಸಿದ ದಿನ ಅದು ನಿಲ್ಲುತ್ತದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಂತರರಾಜ್ಯ ಬಸ್ಸಿಗಿಲ್ಲ. ಆದ್ದರಿಂದ ಆಧಾರ್ ವಿಳಾಸ ಬದಲಿಸುವ ಮುಂಚೆ ಎರಡೂ ಕಡೆಯ ಲೆಕ್ಕ ಹಾಕಿ ನೋಡಬೇಕು. ಇದನ್ನೆಲ್ಲ ಬಿಟ್ಟಿ ಭಾಗ್ಯ ಎಂದು ಸ್ಟುಡಿಯೋದಲ್ಲಿ ಕೂತು ಬಯ್ಯುವವರಿಗೆ ಈ ಗೆರೆಯ ಎರಡೂ ಬದಿಗೆ ಬಿದ್ದು ಏನೂ ಸಿಗದ ಹೆಂಗಸರು ಇದ್ದಾರೆಂಬುದೇ ತಿಳಿದಿಲ್ಲ.

ಮಾಟುಂಗಾ, ಡೊಂಬಿವಲಿ, ಕೋಥ್ರೂಡ್‌ನ ಕನ್ನಡ ಮನೆಗಳು ಮಾರ್ಚ್ 8ಕ್ಕೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ರಜೆ ಮಾತಾಡಿ: ವಾರಕ್ಕೊಂದು, ಇಲ್ಲವೇ ತಿಂಗಳಿಗೆ ನಾಲ್ಕು, ಪಗಾರ ಕತ್ತರಿಸದೆ. ಕಾಯಿಲೆಯ ದಿನಗಳು ಅದರಲ್ಲಿ ಸೇರಬಾರದು. ಮೇ ತಿಂಗಳಲ್ಲಿ ಊರಿಗೆ ಹೋಗುವವರು ಆ ತಿಂಗಳ ಪಗಾರವನ್ನು ಪೂರ್ತಿ ಕೊಟ್ಟು ಹೋಗಬೇಕು, ಬೀಗ ಹಾಕಿದವರು ನೀವು, ಖಾಡಾ ಮಾಡಿದ್ದು ಅವಳಲ್ಲ. ದೀಪಾವಳಿಗೆ ಒಂದು ತಿಂಗಳ ಪಗಾರ ಬೋನಸ್ ಪುಣೆಯಲ್ಲಿ ಹಳೆಯ ರೂಢಿ. ಸೀರೆ ಅದರ ಬದಲಿಗಲ್ಲ. ಬಚ್ಚಲು ಬಳಸಲು ಹೇಳಿ, ಬಾಯಿ ಬಿಟ್ಟು ಹೇಳಿ, ಏಕೆಂದರೆ ಅವಳು ತಾನಾಗಿ ಕೇಳುವುದಿಲ್ಲ.

ಮಹಾರಾಷ್ಟ್ರದಲ್ಲಿ 2008ರ ಕಾಯ್ದೆಯಿಂದ ಮನೆಗೆಲಸದವರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದವರು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ನೋಂದಾಯಿಸಬಹುದು. ಫೋಟೋ, ವಯಸ್ಸಿನ ದಾಖಲೆ, ಆಧಾರ್ ಅವಳ ಬಳಿ ಇರುತ್ತದೆ. ಅರ್ಜಿ ನಿಲ್ಲುವುದು ಮಾಲೀಕರ ಪ್ರಮಾಣಪತ್ರದಲ್ಲಿ. ಸಹಿ ಹಾಕಿದರೆ ನಾಳೆ ಯಾವುದಾದರೂ ಕೇಸಿಗೆ ಸಿಕ್ಕಿಬೀಳುತ್ತೇವೋ ಎಂದು ಓದಿದವರೇ ಹಿಂಜರಿಯುತ್ತಾರೆ. ಆ ಪತ್ರ ಹೇಳುವುದು ಅವಳು ನಿಮ್ಮಲ್ಲಿ ಕೆಲಸ ಮಾಡುತ್ತಾಳೆ ಎಂಬುದನ್ನು ಮಾತ್ರ. ನಿಮ್ಮ ಹೆಸರು, ಮನೆಯ ವಿಳಾಸ, ಅವಳು ಮಾಡುವ ಕೆಲಸ, ಎಂದಿನಿಂದ ಎಂಬ ತಾರೀಕು, ಕೆಳಗೆ ಸಹಿ. ಅವಳು ಅದನ್ನು ನಾಲ್ಕು ಮನೆಯಲ್ಲಿ ಕೇಳಬೇಕಿಲ್ಲ, ಒಂದು ಮನೆ ಕೊಟ್ಟರೂ ಅರ್ಜಿ ಮುಂದೆ ಹೋಗುತ್ತದೆ.